ಒಂದೇ ರೈಫಲ್, ಎರಡು ರಾಜ್ಯ: ಇಲಿನಾಯ್‌ನಿಂದ ನ್ಯೂಜೆರ್ಸಿಗೆ ನನ್ನ ಬಂದೂಕು ತಂದಿದ್ದು ಹೀಗೆ

ಅಮೆರಿಕದಲ್ಲಿ ಬಂದೂಕಿಗೆ ಕಾನೂನೇ ಇಲ್ಲ ಅಂತ ಊರಲ್ಲಿ ಬಹಳ ಜನ ನಂಬಿದ್ದಾರೆ. ಕಾನೂನು ಇದೆ, ಬೇಕಾದಷ್ಟಿದೆ. ಆದರೆ ಒಂದೇ ಕಡೆ ಇಲ್ಲ. ಸ್ವಲ್ಪ ಫೆಡರಲ್ ಸರ್ಕಾರದ್ದು, ಜಾಸ್ತಿ ರಾಜ್ಯದ್ದು, ಕೆಲವು ಕಡೆ ಕೌಂಟಿಯದ್ದು, ಕೆಲವು ಕಡೆ ನಗರಸಭೆಯದ್ದು. ರೈಫಲ್ ಅದೇ, ಮಾಲೀಕ ಅವನೇ, ರಾಜ್ಯದ ಗಡಿ ದಾಟಿದರೆ ಮಾತ್ರ ಅದು ಜೈಲಿಗೆ ಕಳಿಸುವ ವಸ್ತು ಆಗಿಬಿಡಬಹುದು. 2024ರಲ್ಲಿ ಕೆಲಸದ ನಿಮಿತ್ತ ಶಿಕಾಗೋ ಪಕ್ಕದ ನೇಪರ್‌ವಿಲ್ ಬಿಟ್ಟು ನ್ಯೂಜೆರ್ಸಿಗೆ ಬರುವಾಗ ನನ್ನ ಸೆಮಿ ಆಟೋಮ್ಯಾಟಿಕ್ ರೈಫಲ್ ಅನ್ನು ಕಾನೂನುಬದ್ಧವಾಗಿ ಹೇಗೆ ತಂದೆ ಅಂತ ಬರೆಯುತ್ತಿದ್ದೇನೆ. ಗುರಿ ಹೊಡೆಯುವ ಆಸಕ್ತಿ ಇರುವ ಕನ್ನಡದವರು ಇಲ್ಲಿ ಕಡಿಮೆ, ಆದರೆ ಇದ್ದಾರೆ. ಅವರಿಗೆ ಉಪಯೋಗ ಆಗಲಿ.

ಮೊದಲು ವೀಸಾ ವಿಷಯ, ಯಾಕೆಂದರೆ ನಮ್ಮವರಲ್ಲಿ ಅರ್ಧ ಜನರಿಗೆ ಪ್ರಶ್ನೆ ಇಲ್ಲೇ ಮುಗಿಯುತ್ತದೆ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಇದು ಫೆಡರಲ್ ಕಾನೂನು, ಎಲ್ಲ ರಾಜ್ಯಕ್ಕೂ ಒಂದೇ. ಬೇಟೆ ಲೈಸೆನ್ಸ್ ಇರುವವರಿಗೆ ಒಂದು ವಿನಾಯಿತಿ ಇದೆ, ಬಿಟ್ಟರೆ ಗ್ರೀನ್ ಕಾರ್ಡ್ ಬರುವವರೆಗೆ ಕಾಯಬೇಕು. ನಾನು ಕಾದೆ. ಕೆಲಸದ ಕಡೆಯ ಮಂಡ್ಯದ ಹುಡುಗನೊಬ್ಬ, "ಅಣ್ಣಾ, ರೇಂಜಿಗೆ ಬಂದು ಸುಮ್ನೆ ನಾಲ್ಕು ಗುಂಡು ಹಾರಿಸ್ತೀನಿ, ಅದಕ್ಕೇನು?" ಅಂತ ಕೇಳಿದ್ದ. ಬಾ, ನೋಡು, ಕೈಯಲ್ಲಿ ಮಾತ್ರ ಹಿಡಿಯಬೇಡ ಅಂದೆ. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡರೂ ಕಾನೂನಿನ ಕಣ್ಣಿಗೆ ಅದು ನಿನ್ನ ವಶದಲ್ಲಿದ್ದ ಬಂದೂಕೇ. ನಾಲ್ಕು ಗುಂಡಿನ ಆಸೆಗೆ ಇಮಿಗ್ರೇಷನ್ ಫೈಲು ಹಾಳು ಮಾಡಿಕೊಳ್ಳುವುದು ಬೇಡ, ಅಲ್ವಾ?

ನಾನು ಆಡುವುದು ಸರ್ವಿಸ್ ರೈಫಲ್ ಸ್ಪರ್ಧೆ, ಅಂದರೆ ಸೈನ್ಯದ ಮಾದರಿಯ ರೈಫಲ್‌ನಿಂದ ಗುರಿ ಹೊಡೆಯುವುದು. ಒಹಾಯೋದ ಕ್ಯಾಂಪ್ ಪೆರ್ರಿಯಲ್ಲಿ ಪ್ರತಿ ಬೇಸಿಗೆ ಇದರ ರಾಷ್ಟ್ರೀಯ ಕೂಟ ನಡೆಯುತ್ತದೆ. ನನ್ನ ರೈಫಲ್ ಎಆರ್-15 ಮಾದರಿಯದು. ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು, ಮುಂದಿನ ತೋಟಾ ತಾನಾಗಿ ಏರುತ್ತದೆ, ಸೆಮಿ ಆಟೋಮ್ಯಾಟಿಕ್ ಅಂದರೆ ಅಷ್ಟೇ. ಎಳೆದು ಹಿಡಿದರೆ ಸುರಿಯುತ್ತಲೇ ಇರುವ ಮಿಷನ್ ಗನ್ ಬೇರೆ, ಅದರ ಕಾನೂನೂ ಬೇರೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವನು ನಾನು. ಕೇಪಿನ ಕೋವಿ, ತೋಟಾ ಕೋವಿ ಎರಡೂ ಮನೆಯಲ್ಲಿದ್ದವು. ಮಂಗ, ಕಾಡುಹಂದಿ ಓಡಿಸಲು. ಚುನಾವಣೆ ಬಂತೆಂದರೆ ಅಪ್ಪಯ್ಯ ಕೋವಿ ಒರೆಸಿ, ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಠಾಣೆಗೆ ಹೋಗಿ ಒಪ್ಪಿಸಿ ರಸೀದಿ ತರುತ್ತಿದ್ದರು. ಅಲ್ಲಿ ಕಾನೂನು ಹೆಚ್ಚಾಗಿ ನೋಡುವುದು ಮನುಷ್ಯನನ್ನು: ಯಾರಿಗೆ ಲೈಸೆನ್ಸ್, ಯಾಕೆ ಬೇಕು, ಎಷ್ಟು ಕೋವಿ. ಇಲ್ಲಿ ಮನುಷ್ಯನನ್ನು ನೋಡಿದ ಮೇಲೆ ಬಂದೂಕನ್ನೂ ಬಿಚ್ಚಿ ನೋಡುತ್ತದೆ. ಹಿಡಿ ಹೇಗಿದೆ, ಭುಜಕ್ಕೆ ಆನಿಸುವ ಸ್ಟಾಕ್ ಉದ್ದ-ಗಿಡ್ಡ ಆಗುತ್ತದಾ, ನಳಿಗೆಯ ತುದಿಯಲ್ಲಿ ಏನಿದೆ, ತೋಟಾ ತುಂಬಿಡುವ ಮ್ಯಾಗಜಿನ್ ಕಳಚುತ್ತದಾ, ಅದರಲ್ಲಿ ಎಷ್ಟು ತೋಟಾ ಹಿಡಿಯುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡರೆ ಉಳಿದ ಕಾನೂನೆಲ್ಲ ಅರ್ಥವಾಗುತ್ತದೆ.

ಇಂಥ ರೈಫಲ್‌ಗಳನ್ನು ಅಸಾಲ್ಟ್ ವೆಪನ್ ಅಂತ ಕರೆದು, ಪಟ್ಟಿ ಮಾಡಿ ನಿಷೇಧಿಸುವ ರೂಢಿ ಶುರುವಾಗಿದ್ದು ಕ್ಯಾಲಿಫೋರ್ನಿಯಾದಲ್ಲಿ. 1989ರ ಜನವರಿಯಲ್ಲಿ ಸ್ಟಾಕ್ಟನ್‌ನ ಶಾಲೆಯೊಂದರಲ್ಲಿ 5 ಮಕ್ಕಳನ್ನು ಗುಂಡಿಟ್ಟು ಕೊಂದರು, ಅದೇ ವರ್ಷ ಅಲ್ಲಿ ಕಾನೂನು ಬಂತು. 1994ರಲ್ಲಿ ಇಡೀ ದೇಶಕ್ಕೇ ಒಂದು ನಿಷೇಧ ಬಂತು, 10ಕ್ಕಿಂತ ಹೆಚ್ಚು ತೋಟಾ ಹಿಡಿಯುವ ಹೊಸ ಮ್ಯಾಗಜಿನ್‌ಗಳೂ ಅದರಲ್ಲಿ ಸೇರಿದ್ದವು. ಆ ಕಾನೂನಿಗೆ 10 ವರ್ಷದ ಆಯಸ್ಸು ಅಂತ ಮೊದಲೇ ಬರೆದಿತ್ತು, 2004ರಲ್ಲಿ ಮುಗಿಯಿತು, ಸಂಸತ್ತು ಮುಂದುವರಿಸಲಿಲ್ಲ. ಅಲ್ಲಿಂದ ಮುಂದೆ ರಾಜ್ಯಕ್ಕೊಂದು ದಾರಿ. ಮ್ಯಾಗಜಿನ್ ಲೆಕ್ಕವನ್ನೇ ನೋಡಿ: ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ 10. ಕೊಲರಾಡೋದಲ್ಲಿ 15. ಡೆಲವೇರ್‌ನಲ್ಲಿ 17. ವರ್ಮಾಂಟ್‌ನಲ್ಲಿ ರೈಫಲ್‌ಗೆ 10, ಪಿಸ್ತೂಲಿಗೆ 15. ಟೆಕ್ಸಸ್‌ನಲ್ಲಿ ಮಿತಿಯೇ ಇಲ್ಲ.

ನಗರಗಳ ಕಥೆ ಇನ್ನೂ ತೊಡಕು. ಬಹುಪಾಲು ರಾಜ್ಯಗಳಲ್ಲಿ ನಗರಸಭೆ ತನ್ನದೇ ಬಂದೂಕು ಕಾನೂನು ಮಾಡುವಂತಿಲ್ಲ, ರಾಜ್ಯದ್ದೇ ಕೊನೆ ಮಾತು. ಇಲಿನಾಯ್‌ನಲ್ಲಿ 2013ರಲ್ಲಿ ಒಂದು ವಿಚಿತ್ರ ಕಿಟಕಿ ತೆರೆದರು. ಇಂಥ ರೈಫಲ್‌ಗಳ ಮೇಲೆ ಸ್ವಂತ ಕಾನೂನು ಬೇಕಿದ್ದ ನಗರಗಳು ರಾಜ್ಯದ ಹೊಸ ಕಾಯ್ದೆ ಜಾರಿಗೆ ಬಂದ 10 ದಿನದೊಳಗೆ ಮಾಡಿಕೊಳ್ಳಬೇಕು, ಆಮೇಲೆ ಇಲ್ಲ. ಶಿಕಾಗೋದ ಉತ್ತರಕ್ಕಿರುವ ಹೈಲ್ಯಾಂಡ್ ಪಾರ್ಕ್ ಎಂಬ ಊರು ಆಗಲೇ ಮಾಡಿಕೊಂಡಿತು. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಂತೂ 1993ರಿಂದಲೇ ನಿಷೇಧ ಇದೆ, ಅಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ನಾನು ನೇಪರ್‌ವಿಲ್‌ನಲ್ಲಿ ಮನೆ ಮಾಡಿದ್ದಕ್ಕೆ ಶಾಲೆಗಳು ಒಂದು ಕಾರಣ, ಅದು ಕುಕ್ ಕೌಂಟಿಯಲ್ಲಿ ಇಲ್ಲ ಎಂಬುದು ಇನ್ನೊಂದು.

ಆಮೇಲೆ 2022ರ ಜುಲೈ 4. ಅದೇ ಹೈಲ್ಯಾಂಡ್ ಪಾರ್ಕ್‌ನ ಸ್ವಾತಂತ್ರ್ಯ ದಿನದ ಮೆರವಣಿಗೆ. ಮಾಳಿಗೆ ಮೇಲೆ ಕೂತ ಒಬ್ಬ ಒಂದು ನಿಮಿಷದೊಳಗೆ 83 ಗುಂಡು ಹಾರಿಸಿದ, 7 ಜನ ಸತ್ತರು. ಅವನ ಹತ್ತಿರ ಇದ್ದದ್ದೂ ಎಆರ್-15 ಮಾದರಿಯ ರೈಫಲ್, 30 ತೋಟಾದ ಮ್ಯಾಗಜಿನ್. ಊರಿನಲ್ಲಿ ನಿಷೇಧ ಇತ್ತು, ರಾಜ್ಯದ ಬಹುತೇಕ ಊರುಗಳಲ್ಲಿ ಇರಲಿಲ್ಲ. ಅವತ್ತಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಒಂದು ಊರಿನ ಕಾನೂನಿನಿಂದ ಇದು ಆಗುವ ಕೆಲಸ ಅಲ್ಲ. ಮ್ಯಾಗಜಿನ್ ಮಿತಿ ಇಡೀ ದೇಶಕ್ಕೆ ಒಂದೇ ಇರಬೇಕು. ನನ್ನ ಸ್ಪರ್ಧೆಯಲ್ಲಿ ವೇಗದ ಸುತ್ತು ಅಂದರೆ 10 ಗುಂಡು, ಅದರಲ್ಲೂ ನಡುವೆ ಮ್ಯಾಗಜಿನ್ ಬದಲಿಸಲೇಬೇಕು ಅಂತ ನಿಯಮ. 30ರದ್ದು ನನಗೆ ಯಾವತ್ತೂ ಬೇಕಾಗಿಲ್ಲ. ರೇಂಜಿನ ಗೆಳೆಯರಲ್ಲಿ ಬಹಳ ಜನ ಇದನ್ನು ಒಪ್ಪುವುದಿಲ್ಲ, ಮನೆಗೆ ಕಳ್ಳರು ನುಗ್ಗಿದರೆ 10 ಸಾಕಾಗುತ್ತದಾ ಅಂತ ಕೇಳುತ್ತಾರೆ. ಅವರ ಭಯ ಸುಳ್ಳಲ್ಲ. ಆದರೂ ಆ ಮೆರವಣಿಗೆಯ ರಸ್ತೆ ನೋಡಿ ಬಂದವನು ನಾನು.

ಮುಂದಿನ ತಿಂಗಳೇ ನೇಪರ್‌ವಿಲ್ ನಗರಸಭೆ ಮಾರಾಟ ನಿಷೇಧಿಸಿತು. 2023ರ ಜನವರಿ 10ಕ್ಕೆ ಇಡೀ ಇಲಿನಾಯ್‌ಗೆ ಕಾನೂನು ಬಂತು. ಇನ್ನು ಮಾರುವಂತಿಲ್ಲ, ರೈಫಲ್ ಮ್ಯಾಗಜಿನ್ 10ಕ್ಕೆ, ಪಿಸ್ತೂಲಿನದ್ದು 15ಕ್ಕೆ ಸೀಮಿತ. ಮೊದಲೇ ಇದ್ದವರು ರೈಫಲ್ ಇಟ್ಟುಕೊಳ್ಳಬಹುದು, ಆದರೆ 2024ರ ಜನವರಿ 1ರೊಳಗೆ ರಾಜ್ಯ ಪೊಲೀಸರಿಗೆ ಅಫಿಡವಿಟ್ ಕೊಡಬೇಕು. ನಾನು ಅಕ್ಟೋಬರಿನಲ್ಲಿ ಅರ್ಜಿ ತೆರೆದ ಕೂಡಲೇ ಕೂತೆ. ಅಲ್ಲಿ ಬಂದೂಕು ಇಟ್ಟುಕೊಳ್ಳಲು ಬೇಕಾದ ಫಾಯ್ಡ್ ಕಾರ್ಡಿನ ಖಾತೆಯೊಳಗೇ ಫಾರಂ ಇತ್ತು. ತಯಾರಕರ ಹೆಸರು, ಮಾದರಿ, ಕ್ಯಾಲಿಬರ್, ಸೀರಿಯಲ್ ನಂಬರ್. ನಂಬರ್ ಇರುವುದು ಮ್ಯಾಗಜಿನ್ ಕೂರುವ ಬಾಯಿಯ ಎಡಮಗ್ಗುಲಲ್ಲಿ, ಕೆಳಗಿನ ಲೋಹದ ಭಾಗದ ಮೇಲೆ. ಕಾನೂನಿಗೆ ಬಂದೂಕು ಅಂದರೆ ಆ ಭಾಗವೇ. ನಳಿಗೆ, ಸ್ಟಾಕ್ ಎಲ್ಲ ಬರೀ ಬಿಡಿಭಾಗ. ಟಾರ್ಚ್ ಅಡ್ಡ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಫೋಟೋ ತೆಗೆದು, ಫೋಟೋ ನೋಡಿ ಟೈಪ್ ಮಾಡಿ, ಮತ್ತೆ ಲೋಹ ನೋಡಿ ತಾಳೆ ಹಾಕಿದೆ. ಸೊನ್ನೆ ಮತ್ತು ಓ ಅಕ್ಷರ ಒಂದೇ ಥರ ಕಾಣುತ್ತವೆ, ಹುಷಾರು. ಅಫಿಡವಿಟ್ ಕೊಟ್ಟ ಮೇಲೂ ಎಲ್ಲೆಂದರಲ್ಲಿ ಒಯ್ಯುವ ಹಾಗಿಲ್ಲ. ಸ್ವಂತ ಮನೆ, ಒಪ್ಪಿಗೆ ಇರುವ ಖಾಸಗಿ ಜಾಗ, ರೇಂಜು, ರಿಪೇರಿ ಅಂಗಡಿ, ಇವುಗಳ ನಡುವಿನ ದಾರಿಯಲ್ಲಿ ಗುಂಡು ತೆಗೆದು ಪೆಟ್ಟಿಗೆಯೊಳಗೆ. ಮಾರುವುದಾದರೆ ಲೈಸೆನ್ಸ್ ಇರುವ ವ್ಯಾಪಾರಿಗೆ ಅಥವಾ ಬೇರೆ ರಾಜ್ಯದವರಿಗೆ ಮಾತ್ರ, ಇಲ್ಲವೇ ವಾರಸುದಾರರಿಗೆ.

ಈಗ ನ್ಯೂಜೆರ್ಸಿ. ವರ್ಗಾವಣೆ ಮಾತು ಬಂದಾಗ ರೇಂಜಿನಲ್ಲಿ ಎಲ್ಲರೂ, ಅಲ್ಲಿಗಾದರೆ ರೈಫಲ್ ಮಾರಿಬಿಡು ಅಂದರು. 1990ರಿಂದಲೇ ಅಲ್ಲಿ ನಿಷೇಧ. ನಿಷೇಧಿತ ರೈಫಲ್ ಸಿಕ್ಕರೆ 5ರಿಂದ 10 ವರ್ಷದ ಶಿಕ್ಷೆಯಾಗುವಂಥ ಅಪರಾಧ. 10ಕ್ಕಿಂತ ಹೆಚ್ಚು ತೋಟಾ ಹಿಡಿಯುವ ಮ್ಯಾಗಜಿನ್ ಒಂದೇ ಇದ್ದರೂ, ಅದು ಖಾಲಿ ಇದ್ದರೂ, 18 ತಿಂಗಳವರೆಗೆ. ಮಾರುವ ಮೊದಲು ಕಾನೂನು ಒಮ್ಮೆ ಪೂರ್ತಿ ಓದೋಣ ಅಂತ ಕೂತೆ. ನನ್ನಂಥ ರೈಫಲ್‌ಗೆ ಎರಡು ದಾರಿಯಲ್ಲಿ ನಿಷೇಧ ಬರುತ್ತದೆ. ಒಂದು ಹೆಸರಿನ ಪಟ್ಟಿ. ಅದರಲ್ಲಿ ಕೋಲ್ಟ್ ಎಆರ್-15 ಇದೆ, ಕಲಾಶ್ನಿಕೋವ್ ಥರದವು ಇವೆ, ಎರಡನೇ ಮಹಾಯುದ್ಧದ ಎಂ-1 ಕಾರ್ಬೈನ್ ಕೂಡ ಇದೆ. ಇನ್ನೊಂದು, ಪಟ್ಟಿಯಲ್ಲಿರುವುದಕ್ಕೆ "ಬಹುಮಟ್ಟಿಗೆ ಅದೇ" ಎನ್ನುವಂಥವು. ಹಾಗೆಂದರೆ ಏನು ಅಂತ ಅಲ್ಲಿನ ಅಟಾರ್ನಿ ಜನರಲ್ 1996ರಲ್ಲಿ ವಿವರಿಸಿದ್ದಾರೆ. ಕಳಚುವ ಮ್ಯಾಗಜಿನ್ ಜೊತೆಗೆ ಇವುಗಳಲ್ಲಿ ಎರಡು ಇದ್ದರೆ ನಿಷೇಧ: ಮಡಚುವ ಅಥವಾ ಉದ್ದ-ಗಿಡ್ಡ ಮಾಡುವ ಸ್ಟಾಕ್, ಪಿಸ್ತೂಲಿನ ಥರ ಕೆಳಗೆ ಚಾಚಿದ ಪಿಸ್ತೂಲ್ ಹಿಡಿ, ಬಯೊನೆಟ್ ಚೂರಿ ಸಿಕ್ಕಿಸುವ ಕೊಂಡಿ, ಬೆಂಕಿ ಮಿಂಚು ತಗ್ಗಿಸುವ ಫ್ಲಾಶ್ ಸಪ್ರೆಸರ್ ಅಥವಾ ಅದಕ್ಕಾಗಿ ಥ್ರೆಡ್ ಕೊರೆದ ನಳಿಗೆ, ಗ್ರೆನೇಡ್ ಲಾಂಚರ್.

ಎರಡು. ಇಲಿನಾಯ್‌ನಲ್ಲಿ ಒಂದೇ ಸಾಕು, ಪಿಸ್ತೂಲ್ ಹಿಡಿ ಇದ್ದರೆ ಮುಗಿಯಿತು. ಅಂದರೆ ಇಲಿನಾಯ್ ಅಸಾಲ್ಟ್ ವೆಪನ್ ಅಂತ ಅಫಿಡವಿಟ್ ಬರೆಸಿಕೊಂಡ ರೈಫಲ್ ಅನ್ನೇ, ಒಂದು ಅಂಶ ಮಾತ್ರ ಉಳಿಸಿಕೊಂಡು ಉಳಿದದ್ದು ತೆಗೆದರೆ, ದೇಶದಲ್ಲೇ ಕಠಿಣ ಅನ್ನಿಸಿಕೊಂಡ ನ್ಯೂಜೆರ್ಸಿಯಲ್ಲಿ ಇಟ್ಟುಕೊಳ್ಳಬಹುದು. ನನ್ನದು ಕೋಲ್ಟ್ ಅಲ್ಲ, ಹೆಸರಿನ ಪಟ್ಟಿಯಲ್ಲಿ ಇಲ್ಲ. ಆದರೂ ನನ್ನ ಓದಿನ ಮೇಲೆ ನಾನೇ ಭರವಸೆ ಇಡಲಿಲ್ಲ. ನ್ಯೂಜೆರ್ಸಿಯ ಬಂದೂಕು ಕೇಸುಗಳನ್ನೇ ನೋಡುವ ವಕೀಲರೊಬ್ಬರಿಗೆ ರೈಫಲ್‌ನ ಫೋಟೋ, ಒಂದೊಂದು ಭಾಗದ ವಿವರ ಕಳಿಸಿ, ದುಡ್ಡು ಕೊಟ್ಟು, ಲಿಖಿತ ಉತ್ತರ ತರಿಸಿಕೊಂಡೆ. ಇದು ಮಾಡಿದ ಖರ್ಚುಗಳಲ್ಲೇ ಒಳ್ಳೆಯ ಖರ್ಚು.

ಆಮೇಲೆ ಇಲಿನಾಯ್‌ನಲ್ಲೇ ರಿಪೇರಿಯವರ ಹತ್ತಿರ ಒಯ್ದೆ. ಉದ್ದ-ಗಿಡ್ಡ ಆಗುವ ಸ್ಟಾಕ್ ತೆಗೆದು ಅಲುಗಾಡದ ಸ್ಟಾಕ್ ಕೂರಿಸಿದರು. ಬಯೊನೆಟ್ ಕೊಂಡಿ ಅರೆದು ತೆಗೆದರು. ತುದಿಯ ಫ್ಲಾಶ್ ಸಪ್ರೆಸರ್ ತೆಗೆದು, ಹಿಂದೊತ್ತು ಕಡಿಮೆ ಮಾಡುವ ಮಝಲ್ ಬ್ರೇಕ್ ಹಾಕಿ, ಅದು ಬಿಚ್ಚದ ಹಾಗೆ ಪಿನ್ ಹೊಡೆದು ವೆಲ್ಡ್ ಮಾಡಿದರು. ಥ್ರೆಡ್ ಒಳಗೇ ಮುಚ್ಚಿಹೋಯಿತು. ಬೆರಳು ಹಾಕಿ ತಿರುಗಿಸಿ ನೋಡಿದೆ, ವೆಲ್ಡಿನ ಗುಳ್ಳೆ ಉಗುರಿಗೆ ತಗಲುತ್ತಿತ್ತು, ತುಣುಕು ಮಾತ್ರ ಕದಲಲಿಲ್ಲ. ಉಳಿದದ್ದು ಪಿಸ್ತೂಲ್ ಹಿಡಿ ಒಂದೇ. ಬಿಲ್ಲಿನಲ್ಲಿ ಪ್ರತಿ ಕೆಲಸವನ್ನೂ ಬಿಡಿಸಿ ಬರೆಸಿದೆ, ಸೀರಿಯಲ್ ನಂಬರ್ ಸಮೇತ.

ನನ್ನನ್ನು ಕೇಳಿದರೆ ಈ ಪಟ್ಟಿಯ ಕಾನೂನು ಅರೆಬರೆ. ಸ್ಟಾಕ್ ಅಲುಗಾಡದಿದ್ದ ಮಾತ್ರಕ್ಕೆ ಗುಂಡಿನ ವೇಗ ಕಡಿಮೆ ಆಗುವುದಿಲ್ಲ, ಕೊಲ್ಲುವ ಶಕ್ತಿ ಇಳಿಯುವುದಿಲ್ಲ. ಮ್ಯಾಗಜಿನ್ ಮಿತಿಗೆ ಮಾತ್ರ ನೇರ ಅರ್ಥ ಇದೆ: ಹಾರಿಸುವವನು ನಿಲ್ಲಿಸಿ ಬದಲಿಸಬೇಕು, ಆ ಕೆಲವು ಸೆಕೆಂಡಿನಲ್ಲಿ ಯಾರೋ ಓಡಬಹುದು. ರೈಫಲ್‌ನ ಭಾಗ ಎಣಿಸುವುದಕ್ಕಿಂತ ಆ ಸೆಕೆಂಡುಗಳ ಮೇಲೆ ಕಾನೂನು ಗಮನ ಇಟ್ಟರೆ ನಾನು ಕೈಯೆತ್ತಿ ಬೆಂಬಲಿಸುತ್ತೇನೆ.

ಮ್ಯಾಗಜಿನ್ ಕೆಲಸ ಬೇಗ ಮುಗಿಯಿತು. ನ್ಯೂಜೆರ್ಸಿಯಲ್ಲಿ ಮೊದಲು ಮಿತಿ 15 ಇತ್ತು, 2018ರಲ್ಲಿ 10ಕ್ಕೆ ಇಳಿಸಿದರು. ರೈಫಲ್ ಜೊತೆ ಬಂದಿದ್ದ 20, 30ರವನ್ನೆಲ್ಲ ಲೈಸೆನ್ಸ್ ಇರುವ ವ್ಯಾಪಾರಿಗೆ ಕೊಟ್ಟು ರಸೀದಿ ತೆಗೆದುಕೊಂಡೆ. ಮನೆಯ ಪ್ರತಿ ಬ್ಯಾಗ್, ಕಾರಿನ ಡಿಕ್ಕಿ, ಗ್ಯಾರೇಜಿನ ಡಬ್ಬ ತಡಕಾಡಿದೆ. ಮರೆತುಹೋದ ಒಂದು ಮ್ಯಾಗಜಿನ್ ಗಡಿ ದಾಟಿದರೆ ಅಷ್ಟೇ ಸಾಕು ಕೇಸಿಗೆ.

ಪ್ಯಾಕರ್ಸ್ ಲಾರಿಯಲ್ಲಿ ಬಂದೂಕು ಹಾಕಲಿಲ್ಲ, ಕಾರಿನಲ್ಲೇ ತಂದೆ. ಇಂಟರ್‌ಸ್ಟೇಟ್ 80 ಹಿಡಿದರೆ ಇಂಡಿಯಾನ, ಒಹಾಯೋ, ಪೆನ್ಸಿಲ್ವೇನಿಯಾ ದಾಟಿ ಡೆಲವೇರ್ ವಾಟರ್ ಗ್ಯಾಪ್ ಹತ್ತಿರ ನ್ಯೂಜೆರ್ಸಿ. ಹೊರಡುವ ಜಾಗದಲ್ಲೂ ತಲುಪುವ ಜಾಗದಲ್ಲೂ ಬಂದೂಕು ಕಾನೂನುಬದ್ಧ ಇದ್ದರೆ ನಡುವಿನ ರಾಜ್ಯಗಳಲ್ಲಿ 1986ರ ಫೆಡರಲ್ ಕಾನೂನು ರಕ್ಷಣೆ ಕೊಡುತ್ತದೆ. ಷರತ್ತು: ಗುಂಡು ತೆಗೆದಿರಬೇಕು, ಕೈಗೆ ಎಟುಕಬಾರದು. ರೈಫಲ್ ಬೀಗದ ಪೆಟ್ಟಿಗೆಯಲ್ಲಿ, ತೋಟಾ ಇನ್ನೊಂದು ಬೀಗದ ಡಬ್ಬದಲ್ಲಿ, ಎರಡೂ ಡಿಕ್ಕಿಯಲ್ಲಿ. ಈ ರಕ್ಷಣೆಯನ್ನು ಜಾಸ್ತಿ ನಂಬಬೇಡಿ. 2005ರಲ್ಲಿ ಯೂಟಾದ ಒಬ್ಬರು ವಿಮಾನ ತಪ್ಪಿ ನ್ಯೂಅರ್ಕ್‌ನಲ್ಲಿ ಉಳಿಯಬೇಕಾಯಿತು. ಪಿಸ್ತೂಲಿದ್ದ ಲಗೇಜು ಅವರ ಕೈಗೆ ಬಂತು, ಹೋಟೆಲಿಗೆ ಒಯ್ದರು, ಮರುದಿನ ಏರ್‌ಪೋರ್ಟಿನಲ್ಲಿ ಬಂಧನ. ಆ ರಾತ್ರಿ ಬಂದೂಕು ಅವರ ಕೈಗೆ ಎಟುಕುವಂತಿತ್ತು, ಆದ್ದರಿಂದ ರಕ್ಷಣೆ ಇಲ್ಲ ಅಂತ 2010ರಲ್ಲಿ ಮೇಲಿನ ಕೋರ್ಟೂ ಹೇಳಿತು. ಹಾಗಾಗಿ ನಾನು ರಾತ್ರಿ ಉಳಿದಿದ್ದು ಪೆನ್ಸಿಲ್ವೇನಿಯಾದಲ್ಲಿ, ನ್ಯೂಜೆರ್ಸಿಯೊಳಗೆ ಬಂದ ಮೇಲೆ ಎಲ್ಲೂ ನಿಲ್ಲದೆ ಸೀದಾ ಹೊಸ ಮನೆಗೆ.

ಬಂದ ವಾರದಲ್ಲೇ ಸ್ಥಳೀಯ ಪೊಲೀಸರ ಮೂಲಕ ಫೈರ್‌ಆರ್ಮ್ಸ್ ಐಡಿ ಕಾರ್ಡಿಗೆ ಅರ್ಜಿ ಹಾಕಿದೆ. ಬೆರಳಚ್ಚು, ನಿಮ್ಮ ಪರ ಹೇಳುವ ಇಬ್ಬರು, ಮಾನಸಿಕ ಆರೋಗ್ಯದ ದಾಖಲೆ ನೋಡಲು ಒಪ್ಪಿಗೆ ಪತ್ರ. ಆ ಇಬ್ಬರಿಗೂ ಮೊದಲೇ ಫೋನ್ ಮಾಡಿ ತಿಳಿಸಿಡಿ, ಅವರು ಉತ್ತರ ಕೊಡುವುದು ತಡವಾದರೆ ನಿಮ್ಮ ಕಾರ್ಡೂ ತಡ.

ಇನ್ನೊಂದು ವಿಷಯ. ಈ ಕಾನೂನುಗಳೆಲ್ಲ ಕೋರ್ಟಿನಲ್ಲಿ ಓಲಾಡುತ್ತಿವೆ. 2024ರ ಜುಲೈನಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಧೀಶರೊಬ್ಬರು ಎಆರ್-15 ನಿಷೇಧದ ಒಂದು ಭಾಗ ಸಂವಿಧಾನಕ್ಕೆ ವಿರುದ್ಧ ಅಂದರು, 10ರ ಮಿತಿ ಸರಿ ಅಂದರು, ವಿಷಯ ಅಪೀಲಿಗೆ ಹೋಯಿತು. 2025ರ ಜೂನ್‌ನಲ್ಲಿ ಮೇರಿಲ್ಯಾಂಡಿನ ನಿಷೇಧದ ಕೇಸನ್ನು ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ತೀರ್ಪಿನ ಸುದ್ದಿ ನೋಡಿ ಅವತ್ತೇ ಅಂಗಡಿಗೆ ಓಡುವವರಿದ್ದಾರೆ. ತಡೆಯಾಜ್ಞೆ ಬಂದಿದೆಯಾ ಅಂತ ನೋಡದೆ ಏನೂ ಕೊಳ್ಳಬೇಡಿ. ನಾನು ಪ್ರತಿ ವರ್ಷ ಸ್ಪರ್ಧೆಯ ಕಾಲ ಶುರುವಾಗುವ ಮೊದಲು ಹೋಗಬೇಕಾದ ರಾಜ್ಯಗಳ ಕಾನೂನು ಹೊಸದಾಗಿ ಓದುತ್ತೇನೆ. ವಕೀಲರ ಪತ್ರ, ರಿಪೇರಿ ಬಿಲ್ಲು, ಮ್ಯಾಗಜಿನ್ ಕೊಟ್ಟ ರಸೀದಿ, ಈ ಮೂರರ ಪ್ರತಿ ರೈಫಲ್ ಪೆಟ್ಟಿಗೆಯೊಳಗೇ ಇರುತ್ತದೆ, ಮೂಲ ಪ್ರತಿ ಮನೆಯ ಬೀರುವಿನಲ್ಲಿ.