ಲ್ಯಾಬ್‌ನಿಂದ ಬಂದ 2450ನ್ನ ಇಸವಿ ಮಾಡೋದು ಹೇಗೆ?

ಅಗೆದಾಗ ಸಿಕ್ಕ ಇದ್ದಿಲು, ಮೂಳೆ ಎಷ್ಟು ಹಳೇದು ಅಂತ ತಿಳಿಯೋಕೆ ರೇಡಿಯೋಕಾರ್ಬನ್ (ಕಾರ್ಬನ್ 14) ಪರೀಕ್ಷೆಗೆ ಕಳಿಸಿದ್ರೆ ಲ್ಯಾಬ್ ರಿಪೋರ್ಟ್‌ನಲ್ಲಿ ಒಂದು ಸಾಲು ಬಂದಿರುತ್ತೆ, 2450 ± 30 ಬಿಪಿ ಅಂತ, ± 30 ಅನ್ನೋದು ಅಳತೆಯ ಎರರ್. ಬಿಪಿ ಅಂದ್ರೆ (ಡಾಕ್ಟರ್ ನೋಡೋ ಬಿಪಿ ಅಲ್ಲ) 1950ಕ್ಕಿಂತ ಹಿಂದೆ ಇಷ್ಟು ವರ್ಷ ಅಂತ ಯಾರೋ ಹೇಳಿಕೊಟ್ಟಿರ್ತಾರೆ, ತಕ್ಷಣ 2450ರಲ್ಲಿ 1950 ಕಳೆದು ಕ್ರಿ.ಪೂ. 500 ಅಂತ ಬರೆದು ಮುಗಿಸ್ತೀವಿ. ನಾನೂ ಮೊದಲ ಸಲ ಹಂಗೇ ಮಾಡಿದ್ದೆ, ಒಂದು ಟೇಬಲ್ ಪೂರ್ತಿ ಹಂಗೇ ತುಂಬಿಸಿ ಕಳಿಸಿದ್ದೆ, ವಾಪಸ್ ಬಂದಾಗ ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಪೆನ್ನಿನ ಪ್ರಶ್ನಾರ್ಥಕ ಚಿಹ್ನೆ. ಯಾಕಂದ್ರೆ ಆ 2450 ಕ್ಯಾಲೆಂಡರ್ ವರ್ಷನೇ ಅಲ್ಲ, ನೋಡೋಕೆ ಮಾತ್ರ ವರ್ಷದ ಥರ ಇರುತ್ತೆ.

ಲ್ಯಾಬ್‌ನವರು ನಿಜವಾಗಿ ಅಳೆಯೋದು ಇಷ್ಟೇ: ಸ್ಯಾಂಪಲ್‌ನಲ್ಲಿ ಕಾರ್ಬನ್ 14 ಎಷ್ಟು ಉಳಿದಿದೆ ಅನ್ನೋದು. ಗಿಡ ಆಗಲಿ ಪ್ರಾಣಿ ಆಗಲಿ ಬದುಕಿರೋವರೆಗೂ ಗಾಳಿಯಿಂದ, ಊಟದಿಂದ ಹೊಸ ಕಾರ್ಬನ್ ಸೇರ್ತಾನೇ ಇರುತ್ತೆ, ಸತ್ತ ದಿನ ಆ ಬಾಗಿಲು ಮುಚ್ಚುತ್ತೆ, ಅಲ್ಲಿಂದ ಕಾರ್ಬನ್ 14 ಕರಗೋದು ಶುರು. ಉಳಿದಿರೋದು 73.7 ಪರ್ಸೆಂಟ್ ಅಂತ ಬಂದ್ರೆ, ಆ 0.737ರ ನ್ಯಾಚುರಲ್ ಲಾಗ್ ತಗೊಂಡು ಮೈನಸ್ 8033ರಿಂದ ಗುಣಿಸಿ, 2450 ಬರುತ್ತೆ. ಈ 8033 ಬಂದಿದ್ದು 5568 ವರ್ಷ ಅನ್ನೋ ಅರ್ಧಾಯುಷ್ಯದಿಂದ (ಇರೋ ಕಾರ್ಬನ್ 14ರಲ್ಲಿ ಅರ್ಧ ಕರಗೋಕೆ ಬೇಕಾದ ಕಾಲ), ಈ ವಿಧಾನ ಕಂಡುಹಿಡಿದು 1960ರಲ್ಲಿ ನೊಬೆಲ್ ತಗೊಂಡ ವಿಲ್ಲರ್ಡ್ ಲಿಬ್ಬಿ ಕಾಲದ ಲೆಕ್ಕ ಅದು. ಆಮೇಲೆ ಸರಿಯಾದದ್ದು 5730ರ ಹತ್ತಿರ ಅಂತ ಗೊತ್ತಾಯ್ತು. ಹಂಗಾದ್ರೆ ಹಳೇ ತಪ್ಪು ನಂಬರನ್ನೇ ಯಾಕೆ ಇಟ್ಕೊಂಡಿದ್ದಾರೆ ಅಂದ್ರೆ, ತಿದ್ದುಪಡಿಗೆ ಬಳಸೋ ಕರ್ವ್ ಕೂಡ ಅದೇ 5568ರಲ್ಲೇ ತಯಾರಾಗಿದೆ, ಎರಡೂ ಕಡೆ ಒಂದೇ ತಪ್ಪು ಇರೋದ್ರಿಂದ ಅದು ಹೊಡೆದುಹೋಗುತ್ತೆ. ನೀವು ಜಾಣತನ ಮಾಡಿ 1.03ರಿಂದ (5730 ಭಾಗಿಸು 5568) ಗುಣಿಸಿಬಿಟ್ರೆ ಮಾತ್ರ ಕೆಲಸ ಕೆಡುತ್ತೆ.

ಇನ್ನೊಂದು ದೊಡ್ಡ ತೊಡಕು ಗಾಳೀದು. ಆ ಲೆಕ್ಕ ಗಾಳಿಯಲ್ಲಿ ಕಾರ್ಬನ್ 14 ಯಾವಾಗ್ಲೂ ಒಂದೇ ಮಟ್ಟದಲ್ಲಿತ್ತು ಅಂತ ನಂಬಿಕೊಂಡು ಕೂತಿದೆ. ಹಂಗಿರಲಿಲ್ಲ. ಸೂರ್ಯನ ಚಟುವಟಿಕೆ, ಭೂಮಿಯ ಕಾಂತಕ್ಷೇತ್ರ, ಸಮುದ್ರದ ಪ್ರವಾಹಗಳ ಬದಲಾವಣೆ ಎಲ್ಲಾ ಸೇರಿ ಅದನ್ನ ಮೇಲೆ ಕೆಳಗೆ ಮಾಡ್ತಾನೇ ಬಂದಿವೆ, ಹೆಸ್ಸೆಲ್ ಡಿ ವ್ರೀಸ್ ಅನ್ನೋರು 1958ರಲ್ಲೇ ಇದನ್ನ ತೋರಿಸಿದ್ರು. ಅದಕ್ಕೇ ಕ್ಯಾಲಿಬ್ರೇಷನ್, ಅಂದ್ರೆ ಲ್ಯಾಬ್ ನಂಬರನ್ನ ಕರ್ವ್ ಜೊತೆ ಹೋಲಿಸಿ ಕ್ಯಾಲೆಂಡರ್ ವರ್ಷ ಮಾಡೋದು, ಬೇಕಾಗೋದು.

ಮೊದಲು ಸ್ಯಾಂಪಲ್ ನೋಡಿ, ಆಮೇಲೆ ಕಂಪ್ಯೂಟರ್

ಸಾಫ್ಟ್‌ವೇರ್ ತೆಗೆಯೋ ಮೊದಲು ಒಂದು ಪ್ರಶ್ನೆ ಕೇಳ್ಕೊಳಿ: ಇದು ಸತ್ತದ್ದು ಯಾವಾಗ, ಈ ಪದರಕ್ಕೆ ಬಂದು ಬಿದ್ದದ್ದು ಯಾವಾಗ, ಎರಡರ ನಡುವೆ ಎಷ್ಟು ಗ್ಯಾಪ್ ಇರಬಹುದು? ದೊಡ್ಡ ಮರದ ತಿರುಳಿನ ಇದ್ದಿಲು ಸಿಕ್ಕಿದ್ರೆ ಆ ಉಂಗುರ ಬೆಳೆದು ಮುನ್ನೂರು ವರ್ಷ ಆದ್ಮೇಲೆ ಯಾರೋ ಮರ ಕಡಿದಿರಬಹುದು, ಕಡಿದ ತೊಲೆ ಇನ್ನೊಂದು ಮನೆಗೂ ಹೋಗಿ ಬಂದಿರಬಹುದು. ಸುಟ್ಟ ಕಾಳು, ತೊಗಟೆ ಸಮೇತ ಇರೋ ಸಣ್ಣ ಕಡ್ಡಿ, ಇವು ಒಂದೆರಡು ವರ್ಷದ ಜೀವ, ಹಂಗಾಗಿ ಇವು ವಾಸಿ. ಎಲ್ಲಕ್ಕಿಂತ ಒಳ್ಳೇದು ಕೀಲು ಬಿಡದೆ ಜೋಡಣೆಯಲ್ಲೇ ಮಲಗಿರೋ ಮೂಳೆ, ಮಾಂಸ ನರ ಇದ್ದಾಗಲೇ ಮಣ್ಣು ಸೇರಿದೆ ಅಂತ ಅದೇ ಹೇಳುತ್ತೆ. ಬಿಡಿ ಮೂಳೆ ತುಂಡು ಹಂಗಲ್ಲ, ಹಳೇ ಗುಂಡಿಯಿಂದ ಎದ್ದು ಬಂದಿರಬಹುದು, ಇಲಿ ಬಿಲದಲ್ಲಿ ಕೆಳಗೆ ಜಾರಿರಬಹುದು.

ಮೀನು ತಿಂದ ಮನುಷ್ಯನ ಮೂಳೆ, ಚಿಪ್ಪು, ಇವಕ್ಕೆ ಸಮುದ್ರದ ಹಳೇ ಕಾರ್ಬನ್ ಸೇರಿರುತ್ತೆ, ನೂರಾರು ವರ್ಷ ಹಳತಾಗಿ ಕಾಣ್ತವೆ. ಅವಕ್ಕೆ ಬೇರೆ ಕರ್ವ್ ಇದೆ, ಆ ಜಾಗದ್ದೇ ಆದ ತಿದ್ದುಪಡಿನೂ ಬೇಕು.

ಕರ್ವ್ ಮೇಲೆ ಇಡೋದು

ಈಗ ಬಳಕೆಯಲ್ಲಿರೋದು 2020ರ ಇಂಟ್‌ಕ್ಯಾಲ್20, ಇದು ಉತ್ತರಾರ್ಧಗೋಳಕ್ಕೆ. ದಕ್ಷಿಣಕ್ಕೆ ಎಸ್‌ಎಚ್‌ಕ್ಯಾಲ್20, ಸಮುದ್ರಕ್ಕೆ ಮರೀನ್20. ಇಂಟ್‌ಕ್ಯಾಲ್ ಸುಮಾರು 14 ಸಾವಿರ ವರ್ಷದವರೆಗೆ ಮರದ ಉಂಗುರದ ಮೇಲೆ ನಿಂತಿದೆ, ಉಂಗುರ ಎಣಿಸಿದ್ರೆ ಇಸವಿ ಗೊತ್ತು, ಅದೇ ಉಂಗುರದ ಕಾರ್ಬನ್ 14 ಅಳೆದ್ರೆ ಆ ವರ್ಷದ ಗಾಳಿ ಗೊತ್ತು. ಅದಕ್ಕೂ ಹಿಂದೆ ಗುಹೆಯ ಸುಣ್ಣದ ಕಂಬ, ಜಪಾನಿನ ಸುಯಿಗೆತ್ಸು ಕೆರೆಯ ಕೆಸರು, ಹವಳ ಇಂಥದ್ದೆಲ್ಲಾ ಸೇರಿಸಿ 55 ಸಾವಿರ ವರ್ಷದವರೆಗೆ ಎಳೆದಿದ್ದಾರೆ.

ಸಾಫ್ಟ್‌ವೇರ್‌ನಲ್ಲಿ ಹೆಚ್ಚು ಜನ ಬಳಸೋದು ಆಕ್ಸ್‌ಕ್ಯಾಲ್, ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಬ್ರಾಂಕ್ ರ‍್ಯಾಮ್ಸಿ ಮಾಡಿದ್ದು, ಬ್ರೌಸರ್‌ನಲ್ಲೇ ಓಡುತ್ತೆ. ಆರ್ ಡೇಟ್ ಅನ್ನೋ ಕಮಾಂಡ್‌ಗೆ ಸ್ಯಾಂಪಲ್ ಹೆಸರು, 2450, 30 ಅಂತ ಕೊಟ್ಟು ರನ್ ಒತ್ತಿ, ಅಷ್ಟೇ.

ಬರೋ ಚಿತ್ರವನ್ನ ನಿಧಾನಕ್ಕೆ ನೋಡಿ. ಎಡಗಡೆ ಗೋಡೆಗೆ ಒರಗಿಕೊಂಡಂಗೆ ಒಂದು ಗುಡ್ಡ, ಅದು ಲ್ಯಾಬ್ ನಂಬರು, ತುದಿ 2450ರಲ್ಲಿ. ನಡುವೆ ಎಡದಿಂದ ಬಲಕ್ಕೆ ಇಳೀತಾ ಬರೋ ಅಂಕುಡೊಂಕು ಗೆರೆ, ಅದೇ ಕರ್ವ್. ಗುಡ್ಡದ ಒಂದೊಂದು ಬಿಂದುವಿನಿಂದಲೂ ಅಡ್ಡಗೆರೆ ಎಳೀರಿ, ಅದು ಕರ್ವ್‌ಗೆ ಎಲ್ಲಿ ತಾಗುತ್ತೋ ಅಲ್ಲಿಂದ ಕೆಳಗೆ ಬಿಡಿ, ಕೆಳಗೆ ಬೀಳೋದೇ ಕ್ಯಾಲೆಂಡರ್ ವರ್ಷದ ಗುಡ್ಡ. ಕರ್ವ್ ಕಡಿದಾಗಿ ಇಳಿಯೋ ಕಡೆ ಅಡ್ಡಗೆರೆ ಒಂದೇ ಜಾಗದಲ್ಲಿ ತಾಗುತ್ತೆ, ಉತ್ತರ ಚಿಕ್ಕದು. ಕರ್ವ್ ಮಲಗಿಬಿಟ್ಟಿರೋ ಕಡೆ ಅದು ತಾಗ್ತಾನೇ ಹೋಗುತ್ತೆ.

ನಮ್ಮ 2450ರ ದುರದೃಷ್ಟ ಏನಂದ್ರೆ ಅದು ಸರಿಯಾಗಿ ಅಂಥ ಜಾಗದಲ್ಲೇ ಬಿದ್ದಿದೆ. ಕ್ರಿ.ಪೂ. 800ರಿಂದ 400ರವರೆಗೆ ಕರ್ವ್ ಹೆಚ್ಚುಕಡಿಮೆ ಚಪ್ಪಟೆ, ಹಾಲ್‌ಸ್ಟಾಟ್ ಪ್ಲಾಟೊ ಅಂತಾರೆ. ಹಂಗಾಗಿ 2450 ± 30ಕ್ಕೆ 95 ಪರ್ಸೆಂಟ್ ಸಾಧ್ಯತೆಯಲ್ಲಿ ಸಿಗೋ ಉತ್ತರ ಕ್ರಿ.ಪೂ. 750ರ ಆಸುಪಾಸಿನಿಂದ 410ರ ಆಸುಪಾಸಿನವರೆಗೆ, ಹತ್ತತ್ರ ಮೂರೂವರೆ ಶತಮಾನ! ಅದೇ 2620 ± 30 ಹಾಕಿ ನೋಡಿ, ಕ್ರಿ.ಪೂ. 830ರಿಂದ 770ರ ಆಸುಪಾಸಿನಲ್ಲೇ ಮುಗಿಯುತ್ತೆ. ಲ್ಯಾಬ್ ಎರಡಕ್ಕೂ ಅದೇ ± 30 ಕೊಟ್ಟಿತ್ತು, ತಪ್ಪು ಲ್ಯಾಬ್‌ದಲ್ಲ. ಇನ್ನಷ್ಟು ದುಡ್ಡು ಸುರಿದು ± 15 ಮಾಡಿಸಿದ್ರೂ ಪ್ಲಾಟೊ ಮೇಲೆ ಹೇಳಿಕೊಳ್ಳೋವಷ್ಟು ಲಾಭ ಸಿಗಲ್ಲ.

ಆ ಅಗಲ ನೋಡಿ ಬೇಜಾರಾಗಿ ನಡುವಿನ ಇಸವಿ ಹಿಡ್ಕೊಂಡು "ಸುಮಾರು ಕ್ರಿ.ಪೂ. 580" ಅಂತ ಬರೆಯೋರು ಇದ್ದಾರೆ. ಬೇಡ. ಗುಡ್ಡ ಒಂದೇ ಇರಲ್ಲ, ಎರಡು ಮೂರು ಇರ್ತವೆ, ಮಧ್ಯಬಿಂದು ಅವುಗಳ ನಡುವಿನ ತಗ್ಗಿನಲ್ಲಿ ಬೀಳಬಹುದು, ಅಂದ್ರೆ ಇರೋದ್ರಲ್ಲೇ ಕಮ್ಮಿ ಸಾಧ್ಯತೆ ಇರೋ ಇಸವೀನ ನೀವು ಆರಿಸಿಕೊಂಡಂಗಾಯ್ತು.

ಎರಡು ನಂಬರ್ ಒಂದೇ ವಸ್ತುವಿನದ್ದಾದ್ರೆ

ಒಂದೇ ಮೂಳೆಯನ್ನ ಎರಡು ಸಲ ಅಳೆಸಿದ್ದೀರಿ, 2480 ± 30 ಮತ್ತು 2420 ± 30 ಬಂತು ಅಂತಿಟ್ಕೊಳಿ. ಸರಾಸರಿ ತಗೊಳ್ಳೋ ಮೊದಲು ಇವು ಕೂಡುತ್ವಾ ನೋಡಬೇಕು. ವ್ಯತ್ಯಾಸ 60, ಅದರ ವರ್ಗ 3600. ಎರಡೂ ಎರರ್‌ಗಳ ವರ್ಗ ಕೂಡಿಸಿದ್ರೆ 1800. ಭಾಗಿಸಿ, 2 ಬಂತು. ಕೈ-ಸ್ಕ್ವೇರ್ ಅನ್ನೋ ಸಂಖ್ಯಾಶಾಸ್ತ್ರದ ಪರೀಕ್ಷೆ ಪ್ರಕಾರ ಇದಕ್ಕೆ ಮಿತಿ 3.84, ಅದಕ್ಕಿಂತ ಕಮ್ಮಿ ಇದೆ, ಹಂಗಾಗಿ ಪಾಸು, ಸೇರಿಸಿದ್ರೆ 2450 ± 21. ಅದೇ 2510 ಮತ್ತು 2410 ಬಂದಿದ್ರೆ 10000 ಭಾಗಿಸು 1800, ಐದೂವರೆ ದಾಟುತ್ತೆ, ಅಲ್ಲಿ ಸೇರಿಸೋ ಹಂಗಿಲ್ಲ, ಯಾವುದೋ ಒಂದರಲ್ಲಿ ಏನೋ ಆಗಿದೆ. ಆಕ್ಸ್‌ಕ್ಯಾಲ್‌ನ ಆರ್ ಕಂಬೈನ್ ಈ ಲೆಕ್ಕವನ್ನೇ ಮಾಡೋದು, ಕ್ಯಾಲಿಬ್ರೇಟ್ ಮಾಡೋ ಮೊದಲೇ. ಆದ್ರೆ ಇದು ಒಂದೇ ಜೀವದ ಎರಡು ಅಳತೆಗೆ ಮಾತ್ರ. ಒಂದೇ ಗುಂಡಿಯ ಹತ್ತು ಬೇರೆ ಬೇರೆ ಇದ್ದಿಲ ತುಂಡನ್ನ ಇದರಲ್ಲಿ ಹಾಕಿ ± 9 ತೆಗೆದು ಖುಷಿಪಡೋದನ್ನ ನಾನು ನೋಡಿದ್ದೀನಿ, ಆ ± 9ಕ್ಕೆ ಬೆಲೆ ಇಲ್ಲ.

ಮಣ್ಣಿನ ಕ್ರಮವನ್ನ ಲೆಕ್ಕಕ್ಕೆ ಸೇರಿಸೋದು

ನನ್ನ ಪ್ರಕಾರ ಅಸಲಿ ಕೆಲಸ ಇರೋದೇ ಇಲ್ಲಿ. ಒಂದು ಟ್ರೆಂಚ್ ಊಹಿಸಿಕೊಳ್ಳಿ. ತಳದಲ್ಲಿ ಗುಂಡಿ, 2620 ± 30. ಅದನ್ನ ಮುಚ್ಚಿ ಹಾಕಿದ ನೆಲ, 2450 ± 30. ಆ ನೆಲವನ್ನ ಕೊರೆದು ಮಾಡಿದ ಒಲೆ, ಅದೂ 2450 ± 30. ಎಲ್ಲದರ ಮೇಲೆ ಬೂದಿ ಪದರ, 2200 ± 30. ಬಿಡಿಬಿಡಿಯಾಗಿ ಕ್ಯಾಲಿಬ್ರೇಟ್ ಮಾಡಿದ್ರೆ ನೆಲ ಮತ್ತು ಒಲೆಯ ಚಿತ್ರ ಅಚ್ಚು ಹಾಕಿದಂಗೆ ಒಂದೇ, ಎರಡೂ ಮೂರೂವರೆ ಶತಮಾನ ಅಗಲ. ಆದ್ರೆ ಅಗೆದವರಿಗೆ ಗೊತ್ತಲ್ಲ, ನೆಲ ಇಲ್ಲದೆ ಒಲೆ ಅದನ್ನ ಕೊರೆಯೋಕಾಗಲ್ಲ. ಇದೂ ಅಳತೆಯಷ್ಟೇ ಗಟ್ಟಿ ಮಾಹಿತಿ, ಇದನ್ನ ಯಾಕೆ ಬಿಡಬೇಕು?

ಬೇಯ್ಸ್ ವಿಧಾನ ಅಂದ್ರೆ ಇದೇ, ಲ್ಯಾಬ್ ನಂಬರಿನ ಜೊತೆ ಮೊದಲೇ ಗೊತ್ತಿರೋದನ್ನೂ ಲೆಕ್ಕಕ್ಕೆ ಹಾಕೋದು. ಸೀಕ್ವೆನ್ಸ್ ಅನ್ನೋ ಕಮಾಂಡ್ ಒಳಗೆ ಗುಂಡಿ, ನೆಲ, ಒಲೆ, ಬೂದಿ ಅಂತ ಕೆಳಗಿನಿಂದ ಮೇಲಕ್ಕೆ ಬರೀಬೇಕು. ಒಂದೇ ಪದರದಲ್ಲಿ ಐದಾರು ಸ್ಯಾಂಪಲ್ ಇದ್ದು ಅವುಗಳ ನಡುವೆ ಯಾವುದು ಮೊದಲು ಗೊತ್ತಿಲ್ಲ ಅಂದ್ರೆ ಅವನ್ನ ಫೇಸ್ ಒಳಗೆ ಹಾಕಿ. ಕಂಪ್ಯೂಟರ್ ಲಕ್ಷಾಂತರ ಸಲ ಇಸವಿಗಳನ್ನ ಜೋಡಿಸಿ ನೋಡುತ್ತೆ, ಕ್ರಮ ತಪ್ಪೋ ಜೋಡಣೆಗಳನ್ನ ಬಿಡುತ್ತೆ, ಉಳಿದವುಗಳಿಂದ ಹೊಸ ಗುಡ್ಡ ಕಟ್ಟುತ್ತೆ. ನಮ್ಮ ಟ್ರೆಂಚ್‌ನಲ್ಲಿ ನೆಲದ ಗುಡ್ಡ ಹಳೇ ಕಡೆಗೆ ಜರುಗುತ್ತೆ, ಒಲೆಯ ಗುಡ್ಡ ಈಚೆಗೆ ಜರುಗುತ್ತೆ, ಒಂದೇ ನಂಬರು ಎರಡು ಬೇರೆ ಉತ್ತರ ಕೊಡುತ್ತೆ. ಮೊದಲ ಸಲ ಸ್ಕ್ರೀನ್ ಮೇಲೆ ಇದನ್ನ ನೋಡಿದಾಗ ನಾನು ಎಲ್ಲೋ ಟೈಪಿಂಗ್ ತಪ್ಪಾಗಿದೆ ಅಂದ್ಕೊಂಡು ಎರಡು ಸಲ ಚೆಕ್ ಮಾಡಿದ್ದೆ.

ಶುರುವಿಗೂ ಕೊನೆಗೂ ಬೌಂಡರಿ ಹಾಕೋದನ್ನ ಮರೀಬೇಡಿ, ಇದು ಸಣ್ಣ ವಿಷಯ ಥರ ಕಾಣುತ್ತೆ ಆದ್ರೆ ಅಲ್ಲ. ಒಂದೇ ವರ್ಷ ಸತ್ತ 20 ಪ್ರಾಣಿಗಳ ಮೂಳೆ ಕಳಿಸಿದ್ರಿ ಅಂತಿಟ್ಕೊಳಿ, ಪ್ರತಿಯೊಂದಕ್ಕೂ ± 30. ನಂಬರ್‌ಗಳು ಒಂದೇ ಬರಲ್ಲ, ಬರೀ ಅಳತೆಯ ಅಲುಗಾಟದಿಂದಲೇ ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ಸರಾಸರಿ 110 ವರ್ಷದಷ್ಟು ಅಂತರ ಬರುತ್ತೆ. ಕಣ್ಣಳತೆಯಲ್ಲಿ ನೋಡಿದವರು ಇಲ್ಲಿ ಜನ ನೂರು ವರ್ಷಕ್ಕೂ ಮೇಲೆ ಬದುಕಿದ್ರು ಅಂತ ಬರೀತಾರೆ, ಇದ್ದದ್ದು ಒಂದು ವರ್ಷ! ಬೌಂಡರಿ ಹಾಕಿದಾಗ ಇವೆಲ್ಲಾ ಒಂದೇ ಚಟುವಟಿಕೆಗೆ ಸೇರಿದವು, ಅದಕ್ಕೊಂದು ಶುರು ಒಂದು ಕೊನೆ ಇದೆ ಅಂತ ಸಾಫ್ಟ್‌ವೇರ್‌ಗೆ ಹೇಳಿದಂಗೆ, ಅದು ಈ ಚದುರುವಿಕೆಯಲ್ಲಿ ಅಳತೆಯ ಪಾಲು ಎಷ್ಟು ಅಂತ ತೂಗಿ ನೋಡುತ್ತೆ. ಎಷ್ಟು ಕಾಲ ನಡೀತು ಅಂತ ಬೇಕಿದ್ರೆ ಸ್ಪ್ಯಾನ್ ಕೇಳಿ, ಬರಿಗಣ್ಣಲ್ಲಿ ಕಳೀಬೇಡಿ.

ಒಂದು ನಂಬರು ಮಾತು ಕೇಳದೇ ಇದ್ರೆ

ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಅಂಥ ಒಂದು ಸ್ಯಾಂಪಲ್ ಯಾವಾಗ್ಲೂ ಇರುತ್ತೆ. ಆಕ್ಸ್‌ಕ್ಯಾಲ್ ಪ್ರತಿ ಸ್ಯಾಂಪಲ್‌ಗೂ ಅಗ್ರಿಮೆಂಟ್ ಇಂಡೆಕ್ಸ್ (ಆ ನಂಬರು ಮಾಡೆಲ್ ಜೊತೆ ಎಷ್ಟು ಹೊಂದುತ್ತೆ ಅನ್ನೋ ಅಂಕ) ಕೊಡುತ್ತೆ, 60ಕ್ಕಿಂತ ಕೆಳಗೆ ಹೋದ್ರೆ ನಿಂತು ನೋಡಿ. ನೋಡಿ ಅಂದೆ, ಕಿತ್ತುಹಾಕಿ ಅನ್ನಲಿಲ್ಲ. 95 ಪರ್ಸೆಂಟ್ ಅಂದ್ಮೇಲೆ ಇಪ್ಪತ್ತರಲ್ಲಿ ಒಂದು ಹೊರಗೆ ಹೋಗೋದು ಲೆಕ್ಕದಲ್ಲೇ ಇದೆ, ಹೋಗದೇ ಇದ್ರೇನೇ ಅನುಮಾನ. ಅಗೆದವರ ನೋಟ್‌ಬುಕ್ ತೆಗೆದು ಅಲ್ಲಿ ಇಲಿ ಬಿಲ ಇತ್ತಾ, ಅದು ಬಿಡಿ ತುಂಡಾ ಅಂತ ನೋಡಿ. ಕಾರಣ ಸಿಕ್ಕಿದ್ರೆ ಬರೆದು ತೆಗೀರಿ, ಸಿಗದಿದ್ರೆ ಔಟ್‌ಲಯರ್ ಮಾಡೆಲ್ ಹಾಕಿ, ಅದು ಅಂಥ ಸ್ಯಾಂಪಲ್‌ನ ತೂಕ ತಾನೇ ಕಮ್ಮಿ ಮಾಡುತ್ತೆ, ಇದ್ದಿಲಿಗೆ ಅಂತಲೇ ಬೇರೆ ಮಾಡೆಲ್ ಇದೆ. ಆಮೇಲೆ ಇಡೀ ಮಾಡೆಲನ್ನ ಬೇರೆ ಥರ ಕಟ್ಟಿ ಇನ್ನೊಂದ್ಸಲ ಓಡಿಸಿ. ಒಂದು ಸಾಲು ಬದಲಾಯಿಸಿದ್ದಕ್ಕೇ ಉತ್ತರ ನೂರು ವರ್ಷ ಹಾರಿದ್ರೆ ಆ ಉತ್ತರದ ಮೇಲೆ ಏನನ್ನೂ ಕಟ್ಟಬೇಡಿ.

ಉಂಗುರ ಇರೋ ಮರದ ತುಂಡು ಸಿಕ್ಕಿದ್ರೆ ಮಾತ್ರ ಅದೃಷ್ಟ ಬೇರೆ. ಹತ್ತು ಹತ್ತು ಉಂಗುರ ಬಿಟ್ಟು ಅಳೆಸಿ, ಅವುಗಳ ನಡುವಿನ ಅಂತರ ಪಕ್ಕಾ ಗೊತ್ತಿರೋದ್ರಿಂದ ಇಡೀ ಸಾಲನ್ನೇ ಕರ್ವ್‌ನ ಅಂಕುಡೊಂಕಿಗೆ ಕೂರಿಸಬಹುದು, ಇದಕ್ಕೆ ವಿಗಲ್ ಮ್ಯಾಚಿಂಗ್ ಅಂತಾರೆ. ಕ್ರಿ.ಶ. 774-775 ಮತ್ತು 993ರಲ್ಲಿ ಗಾಳಿಯ ಕಾರ್ಬನ್ 14 ಒಮ್ಮೆಲೇ ಜಿಗಿದಿತ್ತು, 774ರದ್ದನ್ನ ಫುಸಾ ಮಿಯಾಕೆ ತಂಡ 2012ರಲ್ಲಿ ಜಪಾನಿನ ಮರಗಳಲ್ಲಿ ಹಿಡೀತು. ಕೆನಡಾದ ಲಾನ್ಸ್ ಓ ಮೆಡೋಸ್‌ನಲ್ಲಿ ವೈಕಿಂಗರು ಕಡಿದ ಮರದ ತುಂಡುಗಳಲ್ಲಿ ಆ 993ರ ಜಿಗಿತದ ಉಂಗುರ ಸಿಕ್ತು, ಅಲ್ಲಿಂದ ತೊಗಟೆವರೆಗೆ 28 ಉಂಗುರ ಎಣಿಸಿದ್ರು, ಮರ ಕಡಿದದ್ದು 1021. ಪ್ಲಸ್ ಮೈನಸ್ ಇಲ್ಲದೆ ಒಂದೇ ಒಂದು ಇಸವಿ. ಮೂರು ಬೇರೆ ಬೇರೆ ಮರದಲ್ಲೂ ಅದೇ.

ಬರೆದಿಡೋದು

ಲ್ಯಾಬ್ ಕೊಟ್ಟ ಕೋಡ್, ಕಚ್ಚಾ ವಯಸ್ಸು ಎರರ್ ಸಮೇತ, ಯಾವ ವಸ್ತು, ಯಾವ ಕರ್ವ್, ಯಾವ ಸಾಫ್ಟ್‌ವೇರ್‌ನ ಎಷ್ಟನೇ ವರ್ಷನ್, ಮಾಡೆಲ್‌ನ ಕೋಡ್ ಪೂರ್ತಿ. ಇಸವಿಗಳನ್ನ ಹೊರಗಡೆಗೆ 5ಕ್ಕೋ 10ಕ್ಕೋ ರೌಂಡ್ ಮಾಡಿ, ಕ್ರಿ.ಪೂ. 753ರಿಂದ 412 ಅಂತ ಬರೆದ್ರೆ ಇಲ್ಲದ ನಿಖರತೆ ತೋರಿಸಿದಂಗಾಗುತ್ತೆ. ಮಾಡೆಲ್‌ನಿಂದ ಬಂದ ಇಸವಿಯನ್ನ ಓರೆ ಅಕ್ಷರದಲ್ಲಿ ಹಾಕೋದು ರೂಢಿ, ಬರೀ ಕ್ಯಾಲಿಬ್ರೇಟ್ ಆಗಿದ್ದಕ್ಕೂ ಇದಕ್ಕೂ ಗೊಂದಲ ಆಗಬಾರದು ಅಂತ.

ಕಚ್ಚಾ ನಂಬರ್ ಬರೆಯೋಕೆ ಯಾಕಿಷ್ಟು ಒತ್ತಾಯ ಅಂದ್ರೆ ಕರ್ವ್ ಬದಲಾಗ್ತಾ ಇರುತ್ತೆ, 2013ರದ್ದು ಹೋಗಿ 2020ರದ್ದು ಬಂತು, ಇದೂ ಒಂದು ದಿನ ಹೋಗುತ್ತೆ. ಕೆಂಪು ಪೆನ್ನಿನ ಆ ಟೇಬಲ್ ಇದೆಯಲ್ಲ, ಅದನ್ನ ಸರಿ ಮಾಡೋಕೆ ಕೂತಾಗ ಆರು ಸಾಲುಗಳಲ್ಲಿ ನಾನು ಬರೀ ಇಸವಿ ಬರೆದಿದ್ದೆ, ಮೂಲ ನಂಬರ್ ಇರಲೇ ಇಲ್ಲ, ಕಳೆದಿದ್ದನ್ನ ವಾಪಸ್ ಕೂಡಿಸಿ ವಯಸ್ಸು ಸಿಕ್ತು, ಎರರ್ ಮಾತ್ರ ಸಿಗಲಿಲ್ಲ, ಆ ಆರೂ ಸಾಲನ್ನ ಅಳಿಸಬೇಕಾಯ್ತು.