ಬ್ರಿಟನ್ನಿನ ಕರಿ ಹೌಸ್‌ನಲ್ಲಿ ಊಟಕ್ಕೆ ಕೂರುವ ಮುನ್ನ

ಬ್ರಿಟನ್ನಿಗೆ ಹೊಸದಾಗಿ ಹೋದ ಕನ್ನಡಿಗರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಅಲ್ಲಿ ಕರಿ ಹೌಸ್ ಎಂದು ಕರೆಯುವ ಹಳೆಯ ‘ಇಂಡಿಯನ್’ ರೆಸ್ಟೋರೆಂಟುಗಳಲ್ಲಿ ಬಹುಪಾಲನ್ನು ನಡೆಸುತ್ತ ಬಂದವರು ಬಾಂಗ್ಲಾದೇಶದ ಸಿಲ್ಹೆಟ್ ಮೂಲದ ಕುಟುಂಬಗಳವರು. ಅವರ ಮೆನುವಿನ ಕೊರ್ಮಾ, ಮದ್ರಾಸ್, ವಿಂದಾಲೂಗಳು ಮುಖ್ಯವಾಗಿ ಖಾರದ ಮಟ್ಟವನ್ನೇ ಸೂಚಿಸುತ್ತವೆ: ಈರುಳ್ಳಿಯಿಂದ ಮೊದಲೇ ಮಾಡಿಟ್ಟ ಒಂದೇ ಗ್ರೇವಿಗೆ ಕೆನೆ, ತೆಂಗು ಸೇರಿದರೆ ಕೊರ್ಮಾ, ಮೆಣಸಿನಪುಡಿ ಹೆಚ್ಚಿದರೆ ಮದ್ರಾಸ್, ಇನ್ನೂ ಹೆಚ್ಚಿದರೆ ವಿಂದಾಲೂ. ಆದ್ದರಿಂದ ಮದ್ರಾಸ್ ಎಂಬ ಹೆಸರನ್ನು ನಂಬಿ ಸಾಂಬಾರಿನ ರುಚಿಯನ್ನು ನಿರೀಕ್ಷಿಸಬಾರದು. ದೋಸೆಯೇ ಬೇಕೆನಿಸಿದರೆ ಲಂಡನ್ನಿನ ಈಸ್ಟ್ ಹ್ಯಾಮ್ ಅಥವಾ ಟೂಟಿಂಗ್ ಕಡೆಗೆ ಹೋಗುವುದು ಲೇಸು.

ಕುಳಿತೊಡನೆ ಹಪ್ಪಳ, ಚಟ್ನಿಗಳನ್ನು ತಂದಿಟ್ಟರೆ ಅವಕ್ಕೆ ದರವಿದೆಯೇ ಎಂದು ಕೇಳಿಕೊಳ್ಳಿ. ಹಲವೆಡೆ ಅವು ಬಿಲ್ಲಿಗೆ ಸೇರುತ್ತವೆ. ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಕಾಗಿಲ್ಲ, ಏಕೆಂದರೆ ಇಂಗ್ಲೆಂಡಿನಲ್ಲಿ ಮದ್ಯ ಮಾರುವ ಪರವಾನಗಿಯುಳ್ಳ ರೆಸ್ಟೋರೆಂಟುಗಳು ಕೇಳಿದ ಗಿರಾಕಿಗೆ ನಲ್ಲಿ ನೀರನ್ನು ಉಚಿತವಾಗಿ ಕೊಡಲೇಬೇಕು. ಕರಿಯೊಂದಿಗೆ ಅನ್ನ ಸಾಮಾನ್ಯವಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಹೇಳಬೇಕು.

ಸಸ್ಯಾಹಾರಿಗಳಿಗೆ ನನ್ನ ಸಲಹೆ, ಮುಖ್ಯ ಪಟ್ಟಿಯ ‘ವೆಜಿಟೆಬಲ್ ಕರಿ’ಯನ್ನು ಬಿಟ್ಟು ಸೈಡ್ ಡಿಶ್‌ಗಳತ್ತ ನೋಡುವುದು. ತರ್ಕಾ ದಾಲ್ (ಒಗ್ಗರಣೆ ಹಾಕಿದ ಬೇಳೆ), ಸಾಗ್ ಆಲೂ (ಸೊಪ್ಪು, ಆಲೂಗಡ್ಡೆಯ ಪಲ್ಯ), ಬೆಂಡೆಕಾಯಿ ಭಾಜಿ (ಪಲ್ಯ) ಇವುಗಳಲ್ಲಿ ಎರಡು ಮೂರನ್ನು ತರಿಸಿ ಹಂಚಿಕೊಂಡರೆ ಖರ್ಚೂ ಕಡಿಮೆ, ರುಚಿಯೂ ಮನೆಯೂಟಕ್ಕೆ ಹತ್ತಿರ. ಆದರೆ ಭಜ್ಜಿಯನ್ನು ಮಾಂಸ ಕರಿದ ಎಣ್ಣೆಯಲ್ಲೇ ಕರಿಯುವರೇ ಎಂಬುದನ್ನು ಸಂಕೋಚಪಡದೆ ವಿಚಾರಿಸಿ. ಬಾದಾಮಿ, ಗೋಡಂಬಿ ಒಗ್ಗದವರು ಆರ್ಡರ್ ಕೊಡುವಾಗಲೇ ತಿಳಿಸಬೇಕು. ಕೊರ್ಮಾದಲ್ಲಿ ಅವು ಇರುವುದು ಸಾಮಾನ್ಯ.

ಬಿಲ್ಲಿನಲ್ಲಿ, ವಿಶೇಷವಾಗಿ ಲಂಡನ್ನಿನಲ್ಲಿ, ಶೇ 12.5ರ ಸೇವಾ ಶುಲ್ಕ ಕಾಣಿಸಬಹುದು. ಅದು ಐಚ್ಛಿಕವೆಂದು ನಮೂದಾಗಿದ್ದರೆ, ಸೇವೆ ಹಿಡಿಸದಿದ್ದಾಗ ಅದನ್ನು ತೆಗೆಯುವಂತೆ ಕೇಳಬಹುದು. ಕೊಟ್ಟಿದ್ದರೆ ಮತ್ತೆ ಟಿಪ್ಸ್ ಇಡುವ ಅಗತ್ಯವಿಲ್ಲ.