ಯುದ್ಧಕಾಲದ ಪ್ರಚಾರ ಚಿತ್ರ ನೋಡೋದು ಹೇಗೆ

ಪ್ರಚಾರ ಚಿತ್ರ ಅಂದ ಕೂಡಲೇ ಜನ ಸುಳ್ಳು ಹುಡುಕೋಕೆ ಕೂರುತ್ತಾರೆ. ನಮ್ಮ ಫಿಲ್ಮ್ ಕ್ಲಬ್ಬಿನಲ್ಲಿ ಎರಡನೇ ಮಹಾಯುದ್ಧದ ಚಿತ್ರ ಹಾಕುವಾಗ ನಾನು ಮೊದಲೇ ಹೇಳಿಬಿಡುತ್ತೇನೆ: ಆ ಆಟ ಬೇಡ. ಮನೆಯಲ್ಲಿದ್ದ ಜನಕ್ಕೆ ಧೈರ್ಯ ತುಂಬೋಕೆ ಮಾಡಿದ ಒಳ್ಳೆಯ ಚಿತ್ರಗಳಲ್ಲಿ ಹಸಿ ಸುಳ್ಳು ಕಡಿಮೆ. ಅವು ಬಹುಪಾಲು ನಿಜವನ್ನೇ ತೋರಿಸುತ್ತವೆ. ಯಾವ ನಿಜ, ಯಾವಾಗ, ಯಾರಿಗೆ? ನೋಡಬೇಕಾದ್ದು ಅದನ್ನ.

ಮೊದಲು ತಾರೀಕು ನೋಡಿಕೊಳ್ಳಿ. ಚಿತ್ರ ಬಿಡುಗಡೆಯಾದ ತಿಂಗಳಲ್ಲಿ ಯುದ್ಧ ಎಲ್ಲಿಗೆ ಬಂದಿತ್ತು ಅಂತ ಒಂದು ಸಾಲು ಬರೆದಿಟ್ಟುಕೊಂಡು ಕೂತರೆ ಅರ್ಧ ಕೆಲಸ ಆದ ಹಾಗೆ. ಬ್ರಿಟನ್ನಿನ ‘ದಿ ಲಯನ್ ಹ್ಯಾಸ್ ವಿಂಗ್ಸ್’ ಬಂದದ್ದು 1939ರ ನವೆಂಬರ್‌ನಲ್ಲಿ. ಲಂಡನ್ ಮೇಲೆ ಆಗಿನ್ನೂ ಬಾಂಬ್ ಬಿದ್ದಿರಲಿಲ್ಲ. ಅದರಲ್ಲಿ ಜರ್ಮನ್ ವಿಮಾನಗಳು ವಿಮಾನ ತಡೆಯೋಕೆ ಆಕಾಶದಲ್ಲಿ ಕಟ್ಟಿದ ದೊಡ್ಡ ಬಲೂನುಗಳನ್ನು ಕಂಡು ಬಾಲ ಮುದುರಿಕೊಂಡು ವಾಪಸ್ ಹೋಗುತ್ತವೆ. 1940ರ ಸೆಪ್ಟೆಂಬರ್ 7ರಿಂದ ರಾತ್ರಿಯೆಲ್ಲ ಬಾಂಬ್ ಬೀಳೋಕೆ ಶುರುವಾಯಿತು. ಬಲೂನು ಕಂಡು ಯಾರೂ ವಾಪಸ್ ಹೋಗಲಿಲ್ಲ. ಮುಂದಿನ ತಿಂಗಳು ಬಂದ ‘ಲಂಡನ್ ಕ್ಯಾನ್ ಟೇಕ್ ಇಟ್!’ ಬೇರೆ ದಾರಿ ಹಿಡಿಯಿತು. ಬಾಂಬ್ ಬೀಳುತ್ತದೆ, ಕಟ್ಟಡ ಉರುಳುತ್ತದೆ, ಜನ ಸಾಯುತ್ತಾರೆ ಅಂತ ಒಪ್ಪಿಕೊಂಡೇ ಮಾತು ಶುರು ಮಾಡಿತು. ಬೆಳಗಾದ ಮೇಲೆ ಕಲ್ಲು ಮಣ್ಣಿನ ರಾಶಿ ದಾಟಿ ಕೆಲಸಕ್ಕೆ ಹೊರಟವರನ್ನು ತೋರಿಸಿತು. ಎರಡನ್ನೂ ಒಂದರ ಹಿಂದೆ ಒಂದು ನೋಡಿ. “ಏನೂ ಆಗಲ್ಲ” ಅಂದ ಚಿತ್ರ ವರ್ಷ ತುಂಬೋದರೊಳಗೆ ಹಳಸಿತು. “ಆಗಿದೆ, ತಡ್ಕೊಂಡಿದ್ದೀವಿ” ಅಂದದ್ದು ಇವತ್ತಿಗೂ ನಿಂತಿದೆ.

ಆಮೇಲೆ ಯಾರಿಗೆ ಮಾಡಿದ್ದು ಅಂತ ಕೇಳಿ. ‘ಲಂಡನ್ ಕ್ಯಾನ್ ಟೇಕ್ ಇಟ್!’ ಒಂಬತ್ತು ನಿಮಿಷದ ಚಿತ್ರ. ಅದರಲ್ಲಿ ಕೇಳಿಸೋದು ಅಮೆರಿಕದ ಪತ್ರಕರ್ತ ಕ್ವೆಂಟಿನ್ ರೆನಾಲ್ಡ್ಸ್‌ನ ದನಿ. ತಾನು ಯಾವ ಕಡೆಯೂ ಇಲ್ಲದ ವರದಿಗಾರ ಅನ್ನುತ್ತಾನೆ. ಚಿತ್ರ ತೆಗೆದದ್ದು ಮಾತ್ರ ಬ್ರಿಟಿಷ್ ಸರ್ಕಾರದ್ದೇ ಘಟಕ, ಪ್ರಚಾರ ಇಲಾಖೆಗಾಗಿ. ಅಮೆರಿಕ ಯುದ್ಧಕ್ಕೆ ಇಳಿದದ್ದು 1941ರ ಡಿಸೆಂಬರ್‌ನಲ್ಲಿ. ಅಲ್ಲಿನವರ ಮನಸ್ಸು ಗೆಲ್ಲೋಕೆ ಅಲ್ಲಿನವನದೇ ದನಿ ಬೇಕಿತ್ತು, ಅಲ್ವಾ? ಇದೇ ಚಿತ್ರವನ್ನು ಸ್ವಂತ ಜನಕ್ಕೆ ತೋರಿಸುವಾಗ ಹೆಸರಿನಲ್ಲಿದ್ದ ‘ಲಂಡನ್’ ಹೋಗಿ ‘ಬ್ರಿಟನ್’ ಬಂತು. ಬಾಂಬ್ ಬಿದ್ದದ್ದು ಲಂಡನ್ ಒಂದಕ್ಕೇ ಅಲ್ವಲ್ಲ.

ಇನ್ನೊಂದು ಸಲ ನೋಡುವಾಗ ಕಾಣದೇ ಇರೋದನ್ನು ಬರೆದುಕೊಳ್ಳಿ. ಇಲ್ಲಿ ಆಶ್ರಯಕ್ಕೆ ಹೋಗುವವರು ಹಾಸಿಗೆ ಹೊತ್ತು ಸುಮ್ನೆ ನಡೆಯುತ್ತಾರೆ. ಅದೇ ದಿನಗಳಲ್ಲಿ ಸುರಂಗ ರೈಲು ನಿಲ್ದಾಣಗಳಲ್ಲಿ ಜನ ಮಲಗುವುದು ಬೇಡ ಅಂತ ಸರ್ಕಾರ ಹೇಳಿತ್ತು. ಜನ ಕೇಳಲಿಲ್ಲ. ಟಿಕೆಟ್ ತಗೊಂಡು ಒಳಗೆ ಹೋಗಿ ಅಲ್ಲೇ ಮಲಗಿದರು. ಆ ಜಗಳ ಚಿತ್ರದಲ್ಲಿಲ್ಲ. ಒಡೆದ ಅಂಗಡಿಗಳಲ್ಲಿ ಕಳ್ಳತನ ಆಗಿತ್ತು, ಅದೂ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇನ್ನೊಂದು: ಚಿತ್ರವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಇದಕ್ಕೆ 1942ರ ‘ಲಿಸನ್ ಟು ಬ್ರಿಟನ್’ಗಿಂತ ಒಳ್ಳೆಯದು ಸಿಗಲ್ಲ. ಹಂಫ್ರಿ ಜೆನಿಂಗ್ಸ್ ಮತ್ತು ಸ್ಟೂವರ್ಟ್ ಮೆಕಾಲಿಸ್ಟರ್ ಮಾಡಿದ, ಇಪ್ಪತ್ತು ನಿಮಿಷದ ಚಿತ್ರ. ವಿವರಣೆ ಕೊಡೋ ದನಿಯೇ ಇಲ್ಲ. (ಅಮೆರಿಕಕ್ಕೆ ಕಳಿಸುವಾಗ ಧೈರ್ಯ ಸಾಲದೆ ಮುಂದೆ ಒಂದು ಭಾಷಣ ಅಂಟಿಸಿದರು. ನೀವು ನೋಡೋ ಪ್ರತಿಯಲ್ಲಿ ಅದಿದ್ದರೆ ಹಾರಿಸಿಬಿಡಿ.) ಒಂದು ಕಾರ್ಖಾನೆಯ ಕ್ಯಾಂಟೀನು. ಫ್ಲ್ಯಾನಗನ್ ಮತ್ತು ಅಲೆನ್ ಅನ್ನೋ ಹಾಸ್ಯ ಜೋಡಿ ಹಾಡುತ್ತಿದ್ದಾರೆ, ಊಟಕ್ಕೆ ಕೂತ ಕೆಲಸಗಾರರು ಜೊತೆಗೆ ಸಿಳ್ಳೆ ಹಾಕುತ್ತಾರೆ. ಆ ಸ್ವರ ಹಾಗೇ ಜಾರಿ ಇನ್ನೊಂದು ವಾದ್ಯಗೋಷ್ಠಿಗೆ ಸೇರಿಕೊಳ್ಳುತ್ತದೆ. ಕಣ್ಣು ಬಿಟ್ಟರೆ ನೀವು ಲಂಡನ್ನಿನ ಕಲಾ ಸಂಗ್ರಹಾಲಯ ನ್ಯಾಷನಲ್ ಗ್ಯಾಲರಿಯಲ್ಲಿದ್ದೀರಿ. ಮೈರಾ ಹೆಸ್ ಪಿಯಾನೋದಲ್ಲಿ ಮೊಜಾರ್ಟ್ ನುಡಿಸುತ್ತಿದ್ದಾರೆ. ಚಿತ್ರಪಟಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರಿಂದ ಗೋಡೆಯ ಮೇಲೆ ಖಾಲಿ ಚೌಕಟ್ಟುಗಳಿವೆ. ಕೇಳುತ್ತಾ ಕೂತವರ ನಡುವೆ ರಾಣಿಯೂ ಇದ್ದಾರೆ. ಕ್ಯಾಂಟೀನಿನವರೂ ರಾಣಿಯೂ ಒಂದೇ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎರಡು ದೃಶ್ಯಗಳನ್ನು ಜೋಡಿಸಿದ ಸಂಕಲನಕಾರನ ಕತ್ತರಿ ಹೇಳಿತು. ಎಲ್ಲರೂ ಒಂದೇ ಆಗಿದ್ದರಾ ಅನ್ನೋದು ಬೇರೆ ಪ್ರಶ್ನೆ. ಮ್ಯೂಟ್ ಮಾಡಿ ಅದೇ ಜಾಗ ಮತ್ತೆ ನೋಡಿ, ಎರಡೂ ಬೇರೆ ಬೇರೆ ಲೋಕದ ಹಾಗೆ ಕಾಣುತ್ತವೆ.

ಸಾಧ್ಯವಾದರೆ ನಾಲ್ಕು ಜನ ಸೇರಿ ನೋಡಿ. ಬ್ರಿಟನ್ನಿನ ಪ್ರಚಾರ ಇಲಾಖೆ ಐದೈದು ನಿಮಿಷದ ಚಿತ್ರ ಮಾಡಿಸಿ ಥಿಯೇಟರುಗಳಿಗೆ ಕೊಡುತ್ತಿತ್ತು. ಪ್ರೊಜೆಕ್ಟರ್ ಹೊತ್ತ ವ್ಯಾನುಗಳು ಹಳ್ಳಿಗಳಿಗೂ ಕಾರ್ಖಾನೆಗಳಿಗೂ ಹೋಗುತ್ತಿದ್ದವು. ಪಕ್ಕದವರು ನಕ್ಕಾಗ ನಾವೂ ನಗೋದು, ಅವರು ಹೆದರದಿದ್ದಾಗ ನಾವೂ ಹೆದರದೇ ಇರೋದು, ಇದೆಲ್ಲ ಫೋನಿನಲ್ಲಿ ಒಬ್ಬರೇ ನೋಡಿದರೆ ಗೊತ್ತಾಗಲ್ಲ. ಭಾರತದಲ್ಲೂ 1943ರಲ್ಲಿ ಸರ್ಕಾರಿ ಚಿತ್ರ ತೋರಿಸೋದು ಥಿಯೇಟರುಗಳಿಗೆ ಕಡ್ಡಾಯವಾಯಿತು. ಕಾಂಗ್ರೆಸ್ ನಾಯಕರೆಲ್ಲ ಜೈಲಲ್ಲಿದ್ದ ಹೊತ್ತು ಅದು. ನೋಡಿದವರಿಗೆ ಎಷ್ಟು ಧೈರ್ಯ ಬಂದಿರಬಹುದು, ನೀವೇ ಊಹಿಸಿ.

ಜರ್ಮನಿಯ ‘ಕೋಲ್‌ಬರ್ಗ್’ ಕೊನೆಗೆ ಇಟ್ಟುಕೊಳ್ಳಿ. 1807ರಲ್ಲಿ ನೆಪೋಲಿಯನ್ ಸೇನೆಗೆ ಬಗ್ಗದ ಊರಿನ ಕಥೆ, ಬಣ್ಣದಲ್ಲಿ. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ 1943ರಲ್ಲಿ ಮಾಡಿಸೋಕೆ ಶುರು ಮಾಡಿದ. ಸೈನಿಕರನ್ನೇ ಕರೆಸಿ ಗುಂಪಿನ ದೃಶ್ಯಗಳಿಗೆ ನಿಲ್ಲಿಸಿದರು. ಮೊದಲ ಪ್ರದರ್ಶನ 1945ರ ಜನವರಿ 30. ಊರೂರೇ ಬೂದಿಯಾಗಿದ್ದ ಹೊತ್ತು. ಮಾರ್ಚ್‌ನಲ್ಲಿ ನಿಜವಾದ ಕೋಲ್‌ಬರ್ಗ್ ಊರೇ ಶತ್ರುವಿನ ಕೈಗೆ ಹೋಯಿತು. ಆ ಸುದ್ದಿ ಹೊರಗೆ ಬರದ ಹಾಗೆ ಗೊಬೆಲ್ಸ್ ನೋಡಿಕೊಂಡ.

ಬ್ರಿಟಿಷ್ ಚಿತ್ರಗಳನ್ನು ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂಗ್ರಹಗಳಲ್ಲಿ ಹುಡುಕಿ. ಒಂಬತ್ತು ನಿಮಿಷದ್ದರಿಂದ ಶುರು ಮಾಡಿ. ಒಂದೇ ಸಂಜೆ ಎಲ್ಲ ನೋಡೋಕೆ ಹೋಗಬೇಡಿ, ಮೂರನೆಯದಕ್ಕೆ ಕಿವಿ ಮಂದವಾಗಿರುತ್ತದೆ.